ಗಾಡಿ ಯಾರ ಹೆಸರಿನಾಗ ಐತಿ?

2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಒಮ್ಮೆಲೇ ಏರಿ ಗೋಕಾಕದ ತಗ್ಗಿನ ಓಣಿಗಳಿಗೆ ನುಗ್ಗಿದವು. ಲೋಳಸೂರ ಸೇತುವೆ ಮುಳುಗಿಹೋಯಿತು. ನೀರು ಇಳಿದ ಮೇಲೆ ಊರಿಗೆ ಊರೇ ಕಾಗದ ಒಣಗಿಸುತ್ತ ಕುಳಿತಿತ್ತು. ಹೊಲದ ಉತಾರ, ಮನೆಯ ಖರೀದಿ ಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡು, ಸೊಸೈಟಿಯ ಪಾಸ್‌ಬುಕ್ಕು ಎಲ್ಲವನ್ನೂ ಮಾಳಿಗೆಯ ಮೇಲೆ ಹರವಿ, ಹಾರದಂತೆ ಒಂದೊಂದಕ್ಕೂ ಕಲ್ಲು ಹೇರಿದ್ದರು. ನಾನು ಆಗ ಒಂದು ಪತ್ತಿನ ಸಹಕಾರಿ ಸಂಘದ ಸಾಲ ವಿಭಾಗದಲ್ಲಿದ್ದೆ. ಸಾಲಗಾರರ ಮನೆಮನೆಗೆ ಹೋಗಿ ಏನು ಉಳಿದಿದೆ, ಏನು ಹೋಗಿದೆ ಎಂದು ಬರೆದುಕೊಂಡು ಬರಬೇಕಿತ್ತು. ಹಾಗೆ ಹೋದ ಒಂದು ಮನೆ, ಬಟ್ಟೆ ಅಂಗಡಿ ನಡೆಸಿ ತೀರಿಕೊಂಡಿದ್ದ ಹಿರಿಯರೊಬ್ಬರದು. ಅವರ ಮಗ ಕಬ್ಬಿಣದ ಟ್ರಂಕಿನಿಂದ ಕೆಸರಿನ ಮುದ್ದೆಯೊಂದನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದ.

"ಇದು ಅಪ್ಪನ ಫಿಯಟ್ ಗಾಡೀ ಪುಸ್ತಕಾ ಇತ್ರಿ ಸಾಹೇಬ್ರ."

ಆರ್‌ಸಿ ಪುಸ್ತಕ. ರಟ್ಟು ಕಳಚಿತ್ತು, ಹಾಳೆಗಳು ಒಂದಕ್ಕೊಂದು ಮೆತ್ತಿಕೊಂಡಿದ್ದವು, ಶಾಯಿ ಕರಗಿ ಕೆಸರಿಗೇ ನೀಲಿ ಬಣ್ಣ ಬಂದಿತ್ತು. ಒಂದು ಅಕ್ಷರವೂ ಓದಲು ಸಿಗುತ್ತಿರಲಿಲ್ಲ. ಕಾರೆಲ್ಲಿದೆ ಎಂದು ಕೇಳಿದೆ. "ಮೂಡಲಗ್ಯಾಗ ಐತ್ರಿ. ನಮ್ಮ ಸ್ವಾದರತ್ತಿ ಮಗಾ ಗಾಣದ ಶೆಡ್‌ನ್ಯಾಗ ನಿಲ್ಲಿಸ್ಯಾನ. ಮಾರಬೇಕಂತಾನ, ಯಾರೂ ತಗೊಳ್ಳಾಕತ್ತಿಲ್ರಿ."

ಫಿಯಟ್ ಎಂಬ ಹೆಸರು ಕೇಳಿದರೆ ನಿಂತುಬಿಡುವ ಸ್ವಭಾವ ನನ್ನದು. ನಾನು ಬೆಳೆದದ್ದು ಗೋಕಾಕ ಫಾಲ್ಸಿನಲ್ಲಿ, ಗಿರಣಿ ಕಾರ್ಮಿಕರ ವಸತಿಯಲ್ಲಿ. 1885ರಲ್ಲಿ ಶುರುವಾದ ಆ ಗಿರಣಿಯ ಭೋಂಗಾ ಕೇಳಿಯೇ ನಮ್ಮ ಮನೆಯಲ್ಲಿ ಒಲೆ ಹೊತ್ತುತ್ತಿತ್ತು. ಅಪ್ಪ ಅಲ್ಲಿ ಫಿಟ್ಟರ್. ಸುಟ್ಟಿಯ ದಿನ ಊರಿನ ಕಾರುಗಳು ಕೆಟ್ಟರೆ ಅಪ್ಪನಿಗೇ ಕರೆ ಬರುತ್ತಿತ್ತು. ಪಾನಾ ಹಿಡಿದುಕೊಂಡು ಅವರ ಹಿಂದೆ ಹೋಗುವುದು ನನ್ನ ಕೆಲಸ. ಆ ಕಾರುಗಳ ಪೈಕಿ ನನಗೆ ಮೆಚ್ಚಿಗೆಯಾದದ್ದು ಉಲ್ಟಾ ಬಾಗಿಲಿನ ಫಿಯಟ್. ಮುಂದಿನ ಬಾಗಿಲ ಹಿಡಿಕೆ ಮುಂದಕ್ಕೆ, ಬಿಜಾಗರಿ ಹಿಂದಕ್ಕೆ. ಬಾಗಿಲು ತೆರೆದರೆ ಒಳಗಿನ ಸೀಟು ನೇರ ನಮ್ಮ ಎದುರಿಗೇ ಬರುತ್ತಿತ್ತು. ಅಪ್ಪ ಕಾರ್ಬೊರೇಟರು ಬಿಚ್ಚುವಾಗ ನಾನು ಆ ಬಾಗಿಲನ್ನು ತೆರೆದು ಮುಚ್ಚಿ ಮಾಡುತ್ತಿದ್ದೆ.

ಮೂಡಲಗಿಗೆ ಹೋದಾಗ ಗಾಣ ನಡೆದಿತ್ತು. ಕೊಪ್ಪರಿಗೆಯ ಹೊಗೆ, ಕುದಿಯುವ ಹಾಲಿನ ವಾಸನೆ, ಒಂದು ಮೂಲೆಯಲ್ಲಿ ರವದಿಯ ಒಟ್ಟಲು. ಆ ರವದಿಯ ಹಿಂದೆ ಕಾರಿತ್ತು. ಬಿಳಿ ಬಣ್ಣ ಎನ್ನುವುದು ಬಾಗಿಲ ಸಂದಿಯೊಳಗೆ ಮಾತ್ರ ತಿಳಿಯುತ್ತಿತ್ತು. ಉಳಿದದ್ದೆಲ್ಲ ಹೊಗೆ ಕುಡಿದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ನಾಲ್ಕೂ ಟೈರು ಸತ್ತಿದ್ದವು. ಹಿಂದಿನ ಸೀಟಿನ ಕಾಥಿಯೊಳಗೆ ಇಲಿ ಸಂಸಾರ ಹೂಡಿತ್ತು. ಆದರೆ ಮುಂದಿನ ಎರಡೂ ಬಾಗಿಲು ಉಲ್ಟಾ! ಗ್ರಿಲ್ಲು ಇತ್ತು, ಸ್ಟೇರಿಂಗಿನ ಬದಿಯ ಗೇರಿನ ಕಡ್ಡಿ ಇತ್ತು, ಬಾನೆಟ್ಟಿನ ಕೆಳಗೆ ಅದರದೇ 1089 ಸಿ.ಸಿ. ಎಂಜಿನ್ನು ಕುಳಿತಿತ್ತು. ಗಾಣದ ಬೆಂಕಿಯ ಬಿಸಿಗೆ ಟಾಪಿಗೆ ಜಂಗು ಹತ್ತಿರಲಿಲ್ಲ, ನೆಲದ ಹಸಿಗೆ ಕೆಳಗಿನ ತಗಡು ಮಾತ್ರ ಕೈಯಿಟ್ಟರೆ ಪುಡಿಯಾಗುತ್ತಿತ್ತು. ಹಿಂದಿನ ನಂಬರ್ ಪ್ಲೇಟು ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ಎಂವೈ ಎಂದು ಶುರುವಾಗುವ ನಂಬರು, ಅಂದರೆ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ ಕಾಲದ್ದು.

ಈ ಕಾರಿನ ವಂಶವನ್ನು ಇಲ್ಲೇ ಹೇಳಿಬಿಡುತ್ತೇನೆ. ವಾಲಚಂದ ಹೀರಾಚಂದರು 1944ರಲ್ಲಿ ಹುಟ್ಟುಹಾಕಿದ ಪ್ರೀಮಿಯರ್ ಆಟೊಮೊಬೈಲ್ಸ್ ಮುಂಬೈಯ ಕುರ್ಲಾದಲ್ಲಿ ಫಿಯಟ್ ಕಾರುಗಳನ್ನು ಮಾಡುತ್ತಿತ್ತು. ಇಟಲಿಯ 1100 ಡಿ ಮಾದರಿ ಇಲ್ಲಿಗೆ ಬಂದದ್ದು 1964ರಲ್ಲಿ. ಅದೇ ಕಾರು 1970ರ ದಶಕದಲ್ಲಿ ಮೊದಲು ಪ್ರೆಸಿಡೆಂಟ್ ಆಯಿತು, ಆಮೇಲೆ ಪದ್ಮಿನಿ ಆಯಿತು. ಪದ್ಮಿನಿಯನ್ನು ಕಂಡವರು ಬಹಳ; ಉಲ್ಟಾ ಬಾಗಿಲಿನ ಅದರ ಅಕ್ಕನನ್ನು ಕಂಡವರು ಕಡಿಮೆ. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಪದ್ಮಿನಿಗಳು ದಶಕಗಟ್ಟಲೆ ಓಡಿದ್ದರಿಂದಲೇ ಇವತ್ತಿಗೂ ಇದರ ಬ್ರೇಕಿನ ರಬ್ಬರು, ಕ್ಲಚ್ ಪ್ಲೇಟು ಹುಡುಕಿದರೆ ಸಿಗುತ್ತವೆ. ಅಲ್ಲಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರಿನಲ್ಲಿ. ಮುಂದೆ ಸಾಮಾನು ಸಿಗುವುದು ಕಷ್ಟವಾಗಲಿದೆ.

ಗಾಣದ ಮಾಲೀಕರು ಮನಸ್ಸು ಬಿಚ್ಚಿ ಮಾತಾಡಿದರು. "ಗಾಡಿ ಐತ್ರಿ, ಕಾಗದಾ ಇಲ್ರಿ. ಮಾಮಾ ಕೊಟ್ಟಾಗ ಪುಸ್ತಕಾ ಕೊಡ್ತೀನಂದಿದ್ದ, ಕೊಡೂದ್ರಾಗ ಹೋಗಿಬಿಟ್ಟ. ಗುಜರಿಯವರು ತೂಕಕ್ಕ ಕೇಳ್ಯಾರ. ನೀವು ಅದಕ್ಕಿಂತ ನಾಲ್ಕ ದುಡ್ಡ ಹೆಚ್ಚ ಕೊಟ್ಟ ಒಯ್ರಿ."

"ಅಣ್ಣಾರ, ಗಾಡಿ ಯಾರ ಹೆಸರಿನಾಗ ಐತಿ?" ಎಂದು ಕೇಳಿದೆ.

"ಮಾಮಾನ ಹೆಸರಿನಾಗ ಇರ್ಬೇಕ್ರಿ."

ಆ 'ಇರಬೇಕು' ಎಂಬ ಮಾತಿಗೆ ನಾನು ಕೈ ತಡೆದೆ. ಸಾಲ ವಿಭಾಗದಲ್ಲಿ ಕೂತವನಿಗೆ ಬರುವ ಅಭ್ಯಾಸ ಅದು. ಹೊಲ ತೋರಿಸಿದವನ ಹೆಸರೂ ಉತಾರದಲ್ಲಿದ್ದ ಹೆಸರೂ ಬೇರೆಬೇರೆ ಇದ್ದುದನ್ನು ಎಷ್ಟೋ ಸಲ ಕಂಡಿದ್ದೆ. ಹಾಗಾಗಿ ಮುಂಗಡ ಕೊಡಲಿಲ್ಲ. ಸಾದಾ ಕಾಗದದ ಮೇಲೆ ಇಬ್ಬರೂ ಬರೆದುಕೊಂಡೆವು: ನೋಂದಣಿ ದಾಖಲೆ ಸಿಕ್ಕು, ಅದರಲ್ಲಿ ಹೆಸರಿದ್ದವರು ಅಥವಾ ಅವರ ವಾರಸುದಾರರು ಸಹಿ ಮಾಡಿದ ದಿನ ಇಷ್ಟು ಹಣ ಕೊಡತಕ್ಕದ್ದು, ಅಲ್ಲಿಯವರೆಗೆ ಗಾಡಿಯನ್ನು ಗುಜರಿಗೆ ಹಾಕತಕ್ಕದ್ದಲ್ಲ. ಹಳೇ ಗಾಡಿಯ ಹಂಬಲ ಇರುವವರಿಗೆ ನಾನು ಇವತ್ತಿಗೂ ಹೇಳುವುದು ಇದನ್ನೇ. ಕಬ್ಬಿಣ ಎಷ್ಟು ಜಂಗು ಹಿಡಿದರೂ ಟಿಂಕರ್ ಇದ್ದಾನೆ, ಲೇತ್ ಇದೆ. ಹೆಸರು ಸಿಗದಿದ್ದರೆ ಯಾವ ಮಿಸ್ತ್ರಿಯೂ ಏನೂ ಮಾಡಲಾರ. ಮೊದಲು ಹೆಸರು, ಆಮೇಲೆ ರೊಕ್ಕ.

ಸುದ್ದಿ ಹಬ್ಬಿ ಒಬ್ಬ ದಲಾಲ ಬಂದ. ಬೇರೆಲ್ಲೋ ಗುಜರಿಯಾದ ಅದೇ ಕಾಲದ ಒಂದು ಫಿಯಟ್ಟಿನ ಆರ್‌ಸಿ ತನ್ನ ಬಳಿ ಇದೆ, ಚೆಸ್ಸಿ ನಂಬರಿನ ತುಂಡನ್ನು ಕತ್ತರಿಸಿ ಇಲ್ಲಿ ಬೆಸೆದರೆ ವಾರದಲ್ಲಿ 'ಕ್ಲಿಯರ್ ಪೇಪರ್' ಎಂದ. ಇಂಥದ್ದು ನಡೆಯುತ್ತದೆ ಎಂದು ಕೇಳಿದ್ದೆ, ಎದುರಿಗೆ ಬಂದು ಹೇಳಿದ್ದು ಅದೇ ಮೊದಲು. ಫಿಯಟ್ಟಿಗೆ ಜೀಪಿನಂತೆ ಬೇರೆ ಚೆಸ್ಸಿ ಇಲ್ಲ, ಬಾಡಿಯೇ ಚೆಸ್ಸಿ. ಆ ನಂಬರನ್ನು ಕತ್ತರಿಸಿದರೆ ಈ ಕಾರು ಹುಟ್ಟಿದ್ದಕ್ಕೇ ಸಾಕ್ಷಿ ಇರುವುದಿಲ್ಲ. ಅದು ಅಪರಾಧ ಎನ್ನುವುದು ಸರಿಯೇ. ನನಗೆ ಅದಕ್ಕಿಂತ ಹೆಚ್ಚು ಸಂಕಟವಾದದ್ದು ಬೇರೆ ಕಾರಣಕ್ಕೆ: ಐವತ್ತು ವರ್ಷ ಉಳಿದುಕೊಂಡು ಬಂದ ಕಾರಿಗೆ ಸತ್ತ ಕಾರಿನ ಹೆಸರು ಹಚ್ಚಿ ಓಡಿಸುವುದಾದರೆ ಅದನ್ನು ಉಳಿಸಿದೆ ಎಂದು ಹೇಗೆ ಹೇಳಲಿ? ದಲಾಲನಿಗೆ ಚಹಾ ಕೊಟ್ಟು ಕಳಿಸಿದೆ.

ಕಾಗದವಿಲ್ಲದೆ ಹಳ್ಳಿಯ ರಸ್ತೆಯಲ್ಲಿ ಓಡಿಸಿದರಾಯಿತು ಎಂದು ಹೇಳಿದವರೂ ಇದ್ದರು. ನೋಂದಣಿ ಇಲ್ಲದ ಗಾಡಿಗೆ ವಿಮೆ ಸಿಗುವುದಿಲ್ಲ. ಥರ್ಡ್ ಪಾರ್ಟಿ ವಿಮೆ ಇರುವುದು ನನಗಾಗಿ ಅಲ್ಲ, ನನ್ನ ಗಾಡಿ ಯಾರಿಗೆ ಹಾಯುತ್ತದೋ ಅವರಿಗಾಗಿ. ಕಬ್ಬಿನ ಹಂಗಾಮಿನಲ್ಲಿ ಘಟಪ್ರಭಾ–ಮೂಡಲಗಿ ರಸ್ತೆಯಲ್ಲಿ ಟ್ರ್ಯಾಕ್ಟರು ಟ್ರೇಲರುಗಳ ನಡುವೆ ಗಾಡಿ ಓಡಿಸಿದವರಿಗೆ ಇದರ ಅರ್ಥ ಬೇರೆ ಹೇಳಬೇಕಿಲ್ಲ.

ಕೆಲಸ ಶುರುವಾದದ್ದು ಪೆನ್ಸಿಲಿನಿಂದ. ನಮ್ಮ ಮಿಸ್ತ್ರಿ ಚಾಚಾ ಅಪ್ಪನ ಕಾಲದವರು, ಕಣ್ಣು ಮಂದ, ಕೈ ಚುರುಕು. ಎಂಜಿನ್ನಿನ ಹಿಂದಿನ ತಗಡನ್ನು ಸೀಮೆಎಣ್ಣೆಯ ಅರಿವೆಯಿಂದ ಒರೆಸಿ, ಹಿತ್ತಾಳೆಯ ಬ್ರಶ್ಶಿನಿಂದ ಮೆಲ್ಲಗೆ ತಿಕ್ಕಿದರು. "ಸ್ಯಾಂಡ್‌ಪೇಪರ್ ಹಚ್ಚಬ್ಯಾಡ ಮಗಾ, ನಂಬರ್ ತಿಂದುಬಿಡ್ತೈತಿ" ಎಂದರು. ಅದರ ಮೇಲೆ ತೆಳ್ಳನೆಯ ಕಾಗದ ಹಿಡಿದು ಪೆನ್ಸಿಲನ್ನು ಅಡ್ಡ ಮಲಗಿಸಿ ತೀಡಿದೆ. ಒಂದೊಂದೇ ಅಂಕಿ ಬಿಳಿದಾಗಿ ಎದ್ದುಬಂತು. ನಡುವಿನ ಒಂದು ಅಂಕಿ ಮೂರೋ ಎಂಟೋ ತಿಳಿಯಲಿಲ್ಲ. ಚಾಚಾ ಬೆರಳ ತುದಿಯನ್ನು ಆ ಗುರುತಿನ ಮೇಲೆ ಓಡಿಸಿ, "ಎಡಗಡೆ ಬಾಯಿ ತೆರದೈತಿ. ಮೂರು" ಎಂದರು. ಎಂಜಿನ್ ಬ್ಲಾಕಿನ ನಂಬರನ್ನೂ ಹಾಗೆಯೇ ತೆಗೆದುಕೊಂಡೆವು.

ಸಾರಿಗೆ ಕಚೇರಿಯಲ್ಲಿ ಪ್ರತಿ ನೋಂದಣಿ ಸಂಖ್ಯೆಗೂ ಬಿ ರಿಜಿಸ್ಟರ್ ಎಂಬ ದಫ್ತರಿನಲ್ಲಿ ನಮೂದು ಇರುತ್ತದೆ. ಅದರ ನಕಲಿಗೆ ನಮ್ಮಲ್ಲಿ 'ಬಿ ಎಕ್ಸ್‌ಟ್ರ್ಯಾಕ್ಟ್' ಎನ್ನುತ್ತಾರೆ. ಅಪಘಾತದ ಪರಿಹಾರದ ದಾವೆಗಳಲ್ಲಿ ವಕೀಲರು ಮೊದಲು ತೆಗೆಸುವ ಕಾಗದವೇ ಇದು. ಆರ್‌ಸಿ ಪುಸ್ತಕ ಕೆಸರಾದರೂ ಕಚೇರಿಯ ದಫ್ತರು ಉಳಿದಿದ್ದರೆ ಗಾಡಿಯ ಜಾತಕ ಅಲ್ಲಿರುತ್ತದೆ. ಈಗ ಗೋಕಾಕದ ಗಾಡಿಗಳಿಗೆ ಕೆಎ 49 ಇದೆ, ಆ ಕಾಲದಲ್ಲಿ ಎಲ್ಲವೂ ಜಿಲ್ಲಾ ಕೇಂದ್ರದಲ್ಲೇ. ಅರ್ಜಿ, ಶುಲ್ಕ, ನಂಬರು ಕೊಟ್ಟು ಬಂದೆ. ಹಳೇ ದಫ್ತರುಗಳ ಕೋಣೆಯ ಗುಮಾಸ್ತರು ನಿವೃತ್ತಿಗೆ ಹತ್ತಿರವಾಗಿದ್ದವರು. ಗಂಟು ಬಿಚ್ಚಿ, ಧೂಳು ಕೊಡವಿ, ತಮ್ಮದೇ ಕೆಲಸ ಎಂಬಂತೆ ಹುಡುಕಿದರು. ಪುಟ ಸಿಕ್ಕಿತು.

ಆ ಪುಟ ಇನ್ನೂ ಕಣ್ಣೆದುರಿಗಿದೆ. ನೀಲಿ ಶಾಯಿ, ಓರೆಯಾದ ಬರಹ. ತಯಾರಾದ ವರ್ಷ 1967. ಬಣ್ಣ ಬಿಳಿ. ಚೆಸ್ಸಿ ನಂಬರಿನ ನಡುವಿನ ಅಂಕಿ ಮೂರೇ. ಎಂಜಿನ್ ನಂಬರೂ ತಾಳೆಯಾಯಿತು. ಸಾಲದ ಕಲಂ ಖಾಲಿ. ಯಾವ ಬ್ಯಾಂಕಿನ ಬೋಜಾವೂ ಇರಲಿಲ್ಲ. ಮಾಲೀಕರ ಹೆಸರಿನ ಜಾಗದಲ್ಲಿ ಮಾತ್ರ ಗೋಕಾಕದ ಬಟ್ಟೆ ವ್ಯಾಪಾರಿಯ ಹೆಸರಿರಲಿಲ್ಲ. ಹುಕ್ಕೇರಿಯ ಗುತ್ತೇದಾರರೊಬ್ಬರ ಹೆಸರಿತ್ತು. ವರ್ಗಾವಣೆಯ ಕಲಂನಲ್ಲಿ ಒಂದು ಗೆರೆಯೂ ಬಿದ್ದಿರಲಿಲ್ಲ. ಅಂದರೆ ಗೋಕಾಕದವರು ಇಪ್ಪತ್ತಕ್ಕೂ ಹೆಚ್ಚು ವರ್ಷ ಓಡಿಸಿದ, ಮೂಡಲಗಿಯವರು ಅಷ್ಟೇ ಕಾಲ ನಿಲ್ಲಿಸಿಕೊಂಡ ಕಾರು ಕಾನೂನಿನ ಕಣ್ಣಿಗೆ ಹುಕ್ಕೇರಿಯಿಂದ ಹೊರಟೇ ಇರಲಿಲ್ಲ.

ಹುಕ್ಕೇರಿಗೆ ಹೋದಾಗ ಊರ ಹಳೇ ಗುಮ್ಮಟಗಳ ಕಡೆಯ ಓಣಿಯಲ್ಲಿ ವಿಚಾರಿಸಿದೆ. ಗುತ್ತೇದಾರರು ತೀರಿ ಬಹಳ ಕಾಲವಾಗಿತ್ತು. ಮನೆಯಲ್ಲಿ ಅವರ ನಡುವಿನ ಮಗಳಿದ್ದರು, ನಿವೃತ್ತ ಶಿಕ್ಷಕಿ. ನಾನು ಬಿ ಎಕ್ಸ್‌ಟ್ರ್ಯಾಕ್ಟ್ ಮುಂದಿಟ್ಟಾಗ ಕನ್ನಡಕ ಹಾಕಿಕೊಂಡು ಅಪ್ಪನ ಹೆಸರನ್ನು ಓದಿದರು. ಆಮೇಲೆ ನಂಬರನ್ನು ನೋಡದೇ ಹೇಳಿದರು. ಎಳವೆಯಲ್ಲಿ ಬಾಯಿಪಾಠ ಮಾಡಿದ್ದಂತೆ.

"ಗಾಡಿ ಇನ್ನೂ ಐತೇನ ತಮ್ಮಾ?"

ಅವರು ಹೇಳಿದ್ದರಿಂದ ಕಥೆ ಕೂಡಿಕೊಂಡಿತು. ಆ ಕಾಲದಲ್ಲಿ ಹೊಸ ಕಾರು ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಕಾರುಗಳ ಹಂಚಿಕೆ ಮತ್ತು ಮಾರಾಟದ ಮೇಲೆ 1959ರಿಂದ ಕೇಂದ್ರ ಸರ್ಕಾರದ ನಿಯಂತ್ರಣ ಆದೇಶವಿತ್ತು. ಕೊಂಡವರು ಕೆಲಕಾಲ ಅದನ್ನು ಮಾರುವಂತೆಯೂ ಇರಲಿಲ್ಲ. ಗುತ್ತೇದಾರರು ಕಾದು ಕಾದು ಪಡೆದ ಕಾರು ಅದು. ಕಾಲುವೆ ಕೆಲಸಕ್ಕೆ ಧೂಪದಾಳ, ಹಿಡಕಲ್ ಎಂದು ಓಡಾಡಿದ್ದು ಅದರಲ್ಲೇ. ಅಷ್ಟರಲ್ಲಿ ಹಿರಿಯ ಮಗಳ ಮದುವೆ ಕೂಡಿಬಂತು, ಕೈಯಲ್ಲಿ ರೊಕ್ಕ ಇರಲಿಲ್ಲ. ಗೋಕಾಕದ ಬಟ್ಟೆ ವ್ಯಾಪಾರಿ ಸ್ನೇಹಿತರು. ಮದುವೆಯ ಜವಳಿಯನ್ನೂ ಕೊಟ್ಟು, ಮೇಲೆ ರೊಕ್ಕವನ್ನೂ ಕೊಟ್ಟು ಕಾರು ಒಯ್ದರು. ಗಡುವು ಮುಗಿದ ಮೇಲೆ ಹೆಸರು ಮಾಡಿಕೊಡುವುದು ಎಂದು ಮಾತಾಯಿತು. ಗಡುವು ಮುಗಿಯಿತು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಎಷ್ಟು ನಂಬಿಕೆ ಇತ್ತೆಂದರೆ ಕಚೇರಿಗೆ ಹೋಗುವ ಜರೂರು ಯಾರಿಗೂ ಕಾಣಲಿಲ್ಲ. ತೆರಿಗೆಯನ್ನು ವ್ಯಾಪಾರಿ ಕಟ್ಟುತ್ತ ಹೋದರು, ರಸೀದಿ ಗುತ್ತೇದಾರರ ಹೆಸರಿನಲ್ಲೇ ಬರುತ್ತ ಹೋಯಿತು.

ನಮ್ಮ ಭಾಗದ ಹಳೇ ಗಾಡಿಗಳ ದೊಡ್ಡ ತೊಡಕು ಕಳ್ಳತನವಲ್ಲ, ಇಂಥ ನಂಬಿಕೆ. ಈಗಿನ ಕಾಯ್ದೆಯಂತೆ ಮಾರಿದವನು 14 ದಿನದೊಳಗೆ ಕಚೇರಿಗೆ ತಿಳಿಸಬೇಕು. ಮಾಲೀಕ ತೀರಿಕೊಂಡರೆ ವಾರಸುದಾರ 30 ದಿನದೊಳಗೆ ತಿಳಿಸಿ, ಮೂರು ತಿಂಗಳೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಎಷ್ಟು ಮನೆಗಳಲ್ಲಿ ಇದು ನಡೆಯುತ್ತದೆ? ತೀರಿಹೋದ ಅಜ್ಜನ ಹೆಸರಿನ ಬುಲೆಟ್ಟನ್ನು ಮೊಮ್ಮಗ ಓಡಿಸುವುದು ನಮ್ಮೂರಲ್ಲಿ ದಿನಾ ಕಾಣುವ ನೋಟ.

ನಾನು ಅಕ್ಕಾರಿಗೆ ಒಂದು ವಿಷಯವನ್ನು ಮುಚ್ಚಿಡದೆ ಹೇಳಿದೆ. 2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಎಂಬವರ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ: ಗಾಡಿ ಎಷ್ಟು ಕೈ ದಾಟಿದ್ದರೂ ಅಪಘಾತವಾದ ದಿನ ದಫ್ತರಿನಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕ, ಪರಿಹಾರದ ಹೊಣೆ ಅವರದು. ಆ ಪ್ರಕರಣದಲ್ಲೂ ಮೊದಲ ಮಾಲೀಕನಿಂದ ಗಾಡಿ ಕೈಯಿಂದ ಕೈಗೆ ಹೋಗಿತ್ತು, ಹೆಸರು ಮಾತ್ರ ಬದಲಾಗಿರಲಿಲ್ಲ.

ಅವರು ಸುಮ್ಮನೆ ಕೂತರು. "ಅಂದ್ರ ಇಷ್ಟ ವರ್ಷ ಅದು ಯಾರಿಗರ ಹಾಯ್ದಿದ್ರ ನಮ್ಮ ಅಪ್ಪನ ತಲೀಗೆ ಬರ್ತಿತ್ತು."

"ಹೌದ್ರಿ ಅಕ್ಕಾರ."

"ಹಂಗಾರ ಸಹಿ ಎಲ್ಲಿ ಮಾಡಬೇಕು ಹೇಳು."

ಹಣದ ಮಾತು ಬಂತು. ದಫ್ತರಿನ ಪ್ರಕಾರ ಕಾರು ಅವರದು, ಮಾರುವ ಹಕ್ಕೂ ಅವರದು. ಬಯಸಿದರೆ ಇಡೀ ಬೆಲೆ ಕೇಳಬಹುದಿತ್ತು, ಮೂಡಲಗಿಯವರಿಗೆ ಕವಡೆಯೂ ಸಿಗುತ್ತಿರಲಿಲ್ಲ. ಪುಣೆಯಲ್ಲಿದ್ದ ಅವರ ತಮ್ಮ ಫೋನಿನಲ್ಲಿ ಅಂಥದ್ದೇ ಪ್ರಶ್ನೆ ಎತ್ತಿದರು. ಅಕ್ಕಾರು ಸ್ಪೀಕರ್ ಹಾಕಿ ನನ್ನೆದುರೇ ಉತ್ತರಿಸಿದರು: "ಅಪ್ಪ ಒಮ್ಮೆ ಇದರ ರೊಕ್ಕಾ ತಗೊಂಡಾನ. ಆ ರೊಕ್ಕದಾಗ ದೊಡ್ಡಕ್ಕನ ಲಗ್ನಾ ಆಗೇತಿ. ಎರಡನೇ ಸಲ ತಗೊಂಡ್ರ ಅದು ನಮಗ ಹತ್ತೂದಿಲ್ಲ." ತಮ್ಮ ಎದುರಾಡಲಿಲ್ಲ. ಮರುವಾರವೇ ಒಪ್ಪಿಗೆ ಪತ್ರ ಕಳಿಸಿದರು.

ನಾನು ಇಷ್ಟು ದಿನ ಸಾಲದ ಕಾಗದ ಓದಿದವನು. ಬರೆದುಕೊಟ್ಟ ಮಾತನ್ನೇ ಮುರಿದು ಕೋರ್ಟಿಗೆ ಹೋದವರನ್ನು ಕಂಡಿದ್ದೇನೆ. ಬರೆಯದ ಮಾತನ್ನು, ಅದೂ ಆಡಿದವರಿಬ್ಬರೂ ಮಣ್ಣಾದ ಮೇಲೆ, ಮಗಳೊಬ್ಬಳು ಹೀಗೆ ನಡೆಸಿಕೊಟ್ಟದ್ದನ್ನು ಕಂಡದ್ದು ಆ ಹುಕ್ಕೇರಿಯ ಪಡಸಾಲೆಯಲ್ಲೇ.

ಆಮೇಲಿನದು ನಮೂನೆಗಳ ದಾರಿ. ಕಳೆದುಹೋದ ಆರ್‌ಸಿಗೆ ಪೊಲೀಸ್ ಠಾಣೆಯ ದೂರಿನ ಪ್ರತಿ ಸಮೇತ ನಮೂನೆ 26. ತೀರಿಕೊಂಡ ಮಾಲೀಕರಿಂದ ವಾರಸುದಾರರ ಹೆಸರಿಗೆ ನಮೂನೆ 31. ಅದರ ಜೊತೆ ಮರಣ ಪ್ರಮಾಣಪತ್ರ, ತಲಾಠಿಯ ವರದಿಯ ಮೇಲೆ ಬಂದ ವಂಶಾವಳಿ, ಉಳಿದ ವಾರಸುದಾರರ ಒಪ್ಪಿಗೆ. ಅವರಿಂದ ನನಗೆ ನಮೂನೆ 29 ಮತ್ತು 30. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣಕ್ಕೆ ನಮೂನೆ 25. ನಡುವೆ ಕಳುವಾದ ಗಾಡಿಗಳ ಪಟ್ಟಿಯಲ್ಲಿ ಇದು ಇಲ್ಲ ಎಂಬ ದೃಢೀಕರಣ, ಹಳೇ ತೆರಿಗೆಯ ಬಾಕಿ ಮತ್ತು ದಂಡ. ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿದದ್ದು ಬ್ಯಾಕ್‌ಲಾಗ್ ಎಂಟ್ರಿ. ದಫ್ತರಿನ ಆ ನೀಲಿ ಶಾಯಿಯ ಪುಟವನ್ನು 'ವಾಹನ್' ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಏರಿಸದ ಹೊರತು ಯಾವ ನಮೂನೆಯೂ ಮುಂದೆ ಸರಿಯುವುದಿಲ್ಲ. ಅದಕ್ಕೆ ಓಡಾಡುತ್ತಿದ್ದಾಗಲೇ 2020ರ ಮಾರ್ಚಿನ ಲಾಕ್‌ಡೌನ್ ಬಂದು ಎಲ್ಲ ನಿಂತಿತು. ಹಳೇ ಗಾಡಿಗೆ ಕೈ ಹಾಕುವವರು ಈ ಸರಣಿಯನ್ನು ಮೊದಲೇ ತಿಳಿದುಕೊಂಡಿರಬೇಕು. ವಾರಸುದಾರರನ್ನು ದಾಟಿ ನೇರವಾಗಿ ತನ್ನ ಹೆಸರಿಗೆ ಬರುವ ಒಳದಾರಿ ಇಲ್ಲ. ತೀರಿಹೋದವರ ಸಹಿ ಇರುವ ಖಾಲಿ ನಮೂನೆ ಕೊಡುತ್ತೇನೆ ಎನ್ನುವವರ ಹತ್ತಿರ ನಿಲ್ಲಬಾರದು.

ಹೆಸರು ಖಚಿತವಾಗುವ ಲಕ್ಷಣ ಕಂಡ ಮೇಲೆಯೇ ಚಾಚಾ ಪಾನಾ ಹಿಡಿದದ್ದು. ಪ್ಲಗ್ ಬಿಚ್ಚಿ ಸಿಲಿಂಡರಿನೊಳಗೆ ಡೀಸೆಲ್ ಹನಿಸಿ ಬಿಟ್ಟರು. ದಿನವೂ ಬಂದು ಫ್ಯಾನು ಹಿಡಿದು ಎಳೆದು ನೋಡುವುದು, ಮತ್ತೆ ಹನಿಸುವುದು. ಒಂದು ಮುಂಜಾನೆ ಫ್ಯಾನು ಬೆರಳಗಲ ತಿರುಗಿತು. ಅವತ್ತು ಚಾಚಾ ಮನೆಗೆ ಕರದಂಟು ಒಯ್ದರು. ಕೆಳಗಿನ ತಗಡನ್ನು ಪೂರ್ತಿ ಹೊಸದಾಗಿ ಕೂಡಿಸಬೇಕಾಯಿತು. ಟಿಂಕರನಿಗೆ ನಾನು ಹಾಕಿದ ಕಟ್ಟಳೆ ಒಂದೇ, ನಂಬರು ಇರುವ ತಗಡಿನ ಸುತ್ತ ಒಂದು ಮೊಳ ಬೆಂಕಿ ತಾಗಬಾರದು. ನಾಲ್ಕೂ ಗಾಲಿಯ ಡ್ರಮ್ ಬ್ರೇಕುಗಳ ಸಿಲಿಂಡರು, ರಬ್ಬರು, ಪೈಪು ಕೊಲ್ಲಾಪುರದಿಂದ ಬಂದವು. ಎಲ್ಲವೂ ಪದ್ಮಿನಿಯವೇ, ತಂಟೆಯಿಲ್ಲದೆ ಕೂತವು. ಬಾಗಿಲ ಬಿಜಾಗರಿ ಮಾತ್ರ ಎಲ್ಲೂ ಸಿಗಲಿಲ್ಲ. ಹಳೆಯವನ್ನೇ ಲೇತಿಗೆ ಹಾಕಿ ಪಿನ್ನು ಮಾಡಿಸಿದೆವು.

ಈ ನಡುವೆ, 2021ರ ಜುಲೈಯಲ್ಲಿ, ಐವತ್ತು ವರ್ಷ ದಾಟಿದ ಗಾಡಿಗಳಿಗೆಂದೇ ಕೇಂದ್ರ ಸರ್ಕಾರ ವಿಂಟೇಜ್ ನಿಯಮಗಳನ್ನು ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, 'ವಿಎ' ಅಕ್ಷರಗಳ ನಂಬರು. ಈಗಾಗಲೇ ನೋಂದಣಿಯಾದ ಗಾಡಿ ತನ್ನ ಹಳೇ ನಂಬರನ್ನು ಉಳಿಸಿಕೊಳ್ಳಬಹುದು. ಸ್ನೇಹಿತರು ಅದನ್ನೇ ಮಾಡಿಸು ಎಂದರು. ನಾನು ಒಪ್ಪಲಿಲ್ಲ. ಕಾಗದ ಕಳೆದವರಿಗೆ ಅದು ಅಡ್ಡದಾರಿಯೂ ಅಲ್ಲ. ಭಾರತದಲ್ಲಿ ಮೊದಲೇ ನೋಂದಣಿಯಾದ ಗಾಡಿಗೆ ಅಲ್ಲಿಯೂ ಹಳೇ ಆರ್‌ಸಿ ಕೇಳುತ್ತಾರೆ. ಮೇಲಾಗಿ ವಿಂಟೇಜ್ ಎಂದಾದರೆ ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ, ಪೆಟ್ರೋಲು ಹಾಕಿಸಲು ಎಂದು ಮಾತ್ರ ರಸ್ತೆಗೆ ಇಳಿಸಬಹುದು. ನನಗೆ ಸಂತೆಗೆ ಹೋಗುವ ಕಾರು ಬೇಕಿತ್ತು. ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೆ ನಿಲ್ಲಿಸಿ ನವೀಕರಿಸಿಕೊಳ್ಳುವ ಸಾದಾ ದಾರಿಯೇ ಸಾಕು ಎಂದುಕೊಂಡೆ.

2022ರ ಮಾರ್ಚಿನಲ್ಲಿ ಬ್ರೇಕ್ ಇನ್‌ಸ್ಪೆಕ್ಟರರ ಎದುರು ನಿಲ್ಲಿಸಿದೆವು. ಏಪ್ರಿಲ್ 1ರಿಂದ ಕಾರಿನ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರುವುದಿತ್ತು, ಹಾಗಾಗಿ ಅವಸರ ಮಾಡಿದ್ದೂ ನಿಜ. ಅವರು ಬಾನೆಟ್ ಎತ್ತಿಸಿದರು. ತಮ್ಮ ಕೈಯಿಂದಲೇ ನಂಬರಿನ ಮೇಲೆ ಕಾಗದ ಹಿಡಿದು ಪೆನ್ಸಿಲ್ ತೀಡಿ, ದಫ್ತರಿನ ನಕಲಿಗೆ ಹಿಡಿದು ಒಂದೊಂದೇ ಅಂಕಿ ಓದಿದರು. ಹಾರ್ನು, ಲೈಟು, ಕೈಬ್ರೇಕು ನೋಡಿದರು. ಅಂಗಳದಲ್ಲಿ ಓಡಿಸಿ ಬ್ರೇಕ್ ಹಾಕಿದಾಗ ಕಾರು ಯಾವ ಕಡೆಗೂ ಎಳೆಯದೆ ನೇರ ನಿಂತಿತು. ಚಾಚಾ ದೂರದ ಬೇವಿನ ಕೆಳಗೆ ನಿಂತು ನೋಡುತ್ತಿದ್ದರು.

ಹಣ ಕೊಟ್ಟದ್ದು ಹುಕ್ಕೇರಿಯ ಆ ಪಡಸಾಲೆಯಲ್ಲೇ, ವಾರಸುದಾರರು ನಮೂನೆ 29 ಮತ್ತು 30ಕ್ಕೆ ಸಹಿ ಮಾಡಿದ ದಿನ. ಗೋಕಾಕದ ಮಗ, ಮೂಡಲಗಿಯ ಗಾಣದವರು, ಅಕ್ಕಾರು ಮೂವರೂ ಇದ್ದರು. ರೊಕ್ಕ ಮೂಡಲಗಿಯವರ ಕೈಗೆ ಹೋಯಿತು. ಅವರು ಅದರಲ್ಲಿ ಒಂದು ಪಾಲನ್ನು ಅಲ್ಲೇ ಎಣಿಸಿ ಮಾಮನ ಮಗನಿಗೆ ಕೊಟ್ಟರು. ಮನೆಯ ಗೋಡೆ ಇನ್ನೂ ಎದ್ದಿರಲಿಲ್ಲ, ಪ್ರವಾಹದಲ್ಲಿ ಬಿದ್ದದ್ದು.

ಆರ್‌ಸಿ ಕಾರ್ಡಿನಲ್ಲಿ ಮಾಲೀಕರ ಸರದಿ ಎಂದು ಒಂದು ಅಂಕಿ ಇರುತ್ತದೆ. ನನ್ನದು ಮೂರನೆಯದು. ಮೊದಲನೆಯವರು ಗುತ್ತೇದಾರರು, ಎರಡನೆಯವರು ಅವರ ಮಗಳು. ಈ ಕಾರನ್ನು ಎಲ್ಲರಿಗಿಂತ ಹೆಚ್ಚು ಓಡಿಸಿದ, ತೆರಿಗೆ ಕಟ್ಟಿದ, ಟ್ರಂಕಿನಲ್ಲಿ ಪುಸ್ತಕ ಕಾಪಾಡಿದ ಗೋಕಾಕದ ವ್ಯಾಪಾರಿಯ ಹೆಸರು ಆ ಸರಣಿಯಲ್ಲಿ ಇಲ್ಲ. ಗುಜರಿಗೆ ಹಾಕದೆ ಇಟ್ಟುಕೊಂಡ ಮೂಡಲಗಿಯವರದೂ ಇಲ್ಲ. ಹಾಗಾಗಿ ಆ ದಿನ ಸ್ಟ್ಯಾಂಪ್ ಪೇಪರಿನ ಮೇಲೆ ಬೇರೆ ಒಂದು ಪುಟ ಬರೆಸಿದೆ. ಕಾರು ಯಾರಿಂದ ಯಾರಿಗೆ, ಯಾವ ಕಾರಣಕ್ಕೆ, ಯಾವ ಮಾತಿನ ಮೇಲೆ ಹೋಯಿತು ಎಂಬುದೆಲ್ಲ ಅದರಲ್ಲಿದೆ. ದೊಡ್ಡಕ್ಕನ ಮದುವೆಯ ಜವಳಿಯ ಮಾತನ್ನೂ ಸೇರಿಸಿ ಎಂದು ಅಕ್ಕಾರೇ ಹೇಳಿ ಬರೆಸಿದರು. ಮೂವರೂ ಸಹಿ ಮಾಡಿದರು. ಯಾವ ಕಚೇರಿಯೂ ಅದನ್ನು ಕೇಳುವುದಿಲ್ಲ. ಈ ಕಾರನ್ನು ನನ್ನ ನಂತರ ಯಾರು ಕೊಳ್ಳುತ್ತಾರೋ ಅವರಿಗೆ ಆರ್‌ಸಿಯ ಜೊತೆ ಅದನ್ನೂ ಕೊಡಬೇಕು ಎಂದು ಮನೆಯಲ್ಲಿ ಹೇಳಿಟ್ಟಿದ್ದೇನೆ.